ಕುಳ ಹಣಿಸಿ ಕೊಡಿ

ರಾತ್ರಿ ಹತ್ತೂವರೆ ಆಗಿತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಯೊಂದರ ಆರನೇ ಮಹಡಿಯಲ್ಲಿ ನಾವಿಬ್ಬರೇ ಉಳಿದಿದ್ದೆವು. ನನ್ನ ತಂಡಕ್ಕೆ ಹೊಸದಾಗಿ ಸೇರಿದ್ದ ಹಾಸನದ ಕಡೆಯ ಹುಡುಗ ಲ್ಯಾಪ್‌ಟಾಪಿನ ಪರದೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಹಿಂದೆ ಬಂದು ನಿಂತ ನನ್ನನ್ನು ಕಂಡು ಗಾಬರಿಯಿಂದ ಎದ್ದ.

"ಏನಪ್ಪಾ ಇದು?" ಎಂದೆ.

"ಸರ್, ಈ ಕೋಡ್ ತಲೆಗೇ ಹೋಗ್ತಿಲ್ಲ. ಬರೆದೋರು ಯಾರೂ ಈಗ ಕಂಪನೀಲಿಲ್ಲ. ಆಫೀಸ್ ಲ್ಯಾಪ್‌ಟಾಪಲ್ಲಿ ಎಐ ಬ್ಲಾಕ್ ಮಾಡಿದ್ದಾರೆ. ಅದಕ್ಕೇ ಫೋಟೋ ತೆಗೆದು ಮೊಬೈಲಲ್ಲಿ ಕೇಳ್ತಿದ್ದೆ."

ಬೈಯಲು ಬಾಯಿ ಬರಲಿಲ್ಲ. ಅವನ ಮುಂದಿದ್ದದ್ದು ಹದಿನಾಲ್ಕು ವರ್ಷ ಹಳೆಯ ಬಿಲ್ಲಿಂಗ್ ವ್ಯವಸ್ಥೆ. ಅದನ್ನು ಜಾವಾ 8ರಿಂದ ಜಾವಾ 17ಕ್ಕೆ ಏರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ತಂಡಕ್ಕೆ ಎಐ ಕೋಡಿಂಗ್ ಉಪಕರಣ ಕೊಡಿಸಿ ಎಂದು ನಾನು ಕಳಿಸಿದ್ದ ಕೋರಿಕೆ ಮೂರು ತಿಂಗಳಿಂದ ಮೇಲಿನವರ ಬಳಿ ನಿಂತಿತ್ತು. ಅದರ ಕೆಳಗೆ ಒಂದೇ ಸಾಲಿನ ಪ್ರಶ್ನೆ: "ಇದರಿಂದ ಲಾಭ ಎಷ್ಟು?" ಹಣ ಕೊಡುವವರು ಕೇಳಲೇಬೇಕಾದ ಪ್ರಶ್ನೆಯದು. ಅಂದು ಒಂದು ಇಮೇಲಿನಲ್ಲಿ ಹೇಳಲಾಗದೆ ಉಳಿದ ಉತ್ತರವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲನೆಯ ಮಾತು ಆ ಫೋಟೋದಲ್ಲೇ ಇದೆ. ಕಂಪನಿ ಕೊಡಿಸದಿದ್ದರೆ ಬಳಕೆ ನಿಲ್ಲುವುದಿಲ್ಲ, ಕಣ್ಣಿಗೆ ಬೀಳದ ಕಡೆಗೆ ಸರಿಯುತ್ತದೆ, ಅಷ್ಟೆ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 2025ರಲ್ಲಿ ನಡೆಸಿದ ವಾರ್ಷಿಕ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ 84ರಷ್ಟು ಮಂದಿ ತಮ್ಮ ಕೆಲಸದಲ್ಲಿ ಎಐ ಉಪಕರಣ ಬಳಸುತ್ತಿದ್ದೇವೆ ಅಥವಾ ಬಳಸಲಿದ್ದೇವೆ ಎಂದಿದ್ದರು. ಕಂಪನಿಯ ಬಾಗಿಲು ಮುಚ್ಚಿದ್ದರೆ ಇವರೆಲ್ಲ ಕಿಟಕಿ ಹುಡುಕುತ್ತಾರೆ. ಕಾವಲಿಲ್ಲದ ಬಳಕೆಯಿಂದ ಏನಾಗುತ್ತದೆ ಎಂಬುದು 2023ರಲ್ಲಿ ಸ್ಯಾಮ್‌ಸಂಗ್‌ನ ಸೆಮಿಕಂಡಕ್ಟರ್ ವಿಭಾಗದಲ್ಲಿ ಕಂಡಿತು. ಅಲ್ಲಿನ ಇಂಜಿನಿಯರುಗಳು ಬಗ್ ಹುಡುಕಲು ಒಳಗಿನ ಸೋರ್ಸ್ ಕೋಡನ್ನೇ ಚಾಟ್‌ಜಿಪಿಟಿಗೆ ಹಾಕಿದ್ದರು. ಸುದ್ದಿ ಹೊರಬಿದ್ದ ಮೇಲೆ ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ತನ್ನ ಸಾಧನಗಳಲ್ಲಿ ಇಂಥ ಸೇವೆಗಳನ್ನು ನಿಷೇಧಿಸಿತು. ಆ ಇಂಜಿನಿಯರುಗಳಿಗೆ ಕೆಡುಕು ಮಾಡುವ ಉದ್ದೇಶವಿರಲಿಲ್ಲ. ಕೆಲಸ ಮುಗಿಸುವ ಆತುರದಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸಿದರು.

ದುಡ್ಡು ಕೊಟ್ಟು ಪಡೆಯುವ ಕಂಪನಿ ಆವೃತ್ತಿಯಲ್ಲಿ ಪರಿಸ್ಥಿತಿ ಬೇರೆ. ನಿಮ್ಮ ಕೋಡನ್ನು ನಮ್ಮ ಮಾದರಿಗೆ ಕಲಿಸಲು ಬಳಸುವುದಿಲ್ಲ ಎಂದು ಮಾರುವವರು ಒಪ್ಪಂದದಲ್ಲಿ ಬರೆದುಕೊಡುತ್ತಾರೆ. ಯಾರಿಗೆ ಪ್ರವೇಶ, ಯಾವ ಕಡತಗಳನ್ನು ಉಪಕರಣ ಮುಟ್ಟಕೂಡದು ಎಂಬುದನ್ನು ಕಂಪನಿಯೇ ನಿರ್ಧರಿಸಬಹುದು. ಲೈಸೆನ್ಸಿಗೆ ಕೊಡುವ ಹಣದ ಒಂದು ಭಾಗ ನಿಜವಾಗಿ ಈ ಕಾವಲಿಗೆ ಕೊಡುವ ಕೂಲಿ. ವೇಗ ಒಂದಿಷ್ಟೂ ಹೆಚ್ಚದಿದ್ದರೂ ಇದೊಂದೇ ಕಾರಣಕ್ಕೆ ಆ ಖರ್ಚನ್ನು ಸಮರ್ಥಿಸಿಕೊಳ್ಳಬಹುದು.

ಈಗ ಲೆಕ್ಕಕ್ಕೆ ಬರೋಣ. ಗಿಟ್‌ಹಬ್ ಕೋಪೈಲಟ್ ಎಂಬ ಎಐ ಕೋಡಿಂಗ್ ಉಪಕರಣದ ಬಿಸಿನೆಸ್ ಆವೃತ್ತಿ ಮಾರುಕಟ್ಟೆಗೆ ಬಂದಾಗ ಒಬ್ಬರಿಗೆ ತಿಂಗಳಿಗೆ 19 ಡಾಲರ್ ಬೆಲೆ ಇಟ್ಟಿದ್ದರು. ನಮ್ಮ ಹಣದಲ್ಲಿ ಸುಮಾರು 1,700 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 12 ಲಕ್ಷ ಸಂಬಳದ ಇಂಜಿನಿಯರ್ ತಿಂಗಳಿಗೆ ಇಪ್ಪತ್ತೆರಡು ದಿನ, ದಿನಕ್ಕೆ ಎಂಟು ಗಂಟೆ ದುಡಿದರೆ ಅವರ ಒಂದು ಗಂಟೆಗೆ ಕಂಪನಿ ಕೊಡುವುದು ಸುಮಾರು 570 ರೂಪಾಯಿ. ಅಂದರೆ ಉಪಕರಣ ತಿಂಗಳಲ್ಲಿ ಮೂರು ಗಂಟೆ ಉಳಿಸಿದರೆ ಅಸಲು ಬಂತು. ಇಂಥ ಐನೂರು ಮಂದಿ ಇರುವ ಕಂಪನಿಯಲ್ಲಿ ವರ್ಷದ ಸಂಬಳ 60 ಕೋಟಿಯಾದರೆ ಲೈಸೆನ್ಸಿನ ಖರ್ಚು ಸುಮಾರು ಒಂದು ಕೋಟಿ. ತಾನೇ ಹತ್ತಾರು ಕಡತ ತೆರೆದು ತಿದ್ದುವ ದೊಡ್ಡ ಏಜೆಂಟ್ ಉಪಕರಣಗಳಿಗೆ ತಿಂಗಳಿಗೆ ನೂರು, ಇನ್ನೂರು ಡಾಲರ್ ತೆರಬೇಕಾಗಬಹುದು. ಅವನ್ನು ಎಲ್ಲರಿಗೂ ಹಂಚುವ ಬದಲು ಅಗತ್ಯ ಇರುವವರಿಗೆ ಕೊಡುವುದು ವಿವೇಕ.

ಉಳಿಯುವ ಆ ಮೂರು ಗಂಟೆ ಎಲ್ಲಿಂದ ಬರುತ್ತದೆ? ಸಾಫ್ಟ್‌ವೇರ್ ಇಂಜಿನಿಯರ್ ಎಂದರೆ ದಿನವಿಡೀ ಕೀಬೋರ್ಡ್ ಕುಟ್ಟುವವರು ಎಂಬ ಕಲ್ಪನೆ ಹೊರಗಿನವರಲ್ಲಿದೆ. ಕೆಲಸ ಮಾಡುವವರಿಗೆ ಗೊತ್ತು, ಹೊಸ ಕೋಡ್ ಬರೆಯುವ ಹೊತ್ತು ದಿನದ ಸಣ್ಣ ಪಾಲು. ಬಾಕಿ ಹೊತ್ತೆಲ್ಲ ಬೇರೆಯವರು ಬರೆದದ್ದನ್ನು ಓದಲು, ಬಗ್ಗಿನ ಮೂಲ ಹುಡುಕಲು, ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಟೆಸ್ಟ್ ಬರೆಯಲು, ಹಳೆಯ ಲೈಬ್ರರಿ ತೆಗೆದು ಹೊಸದು ಕೂರಿಸಲು, ಲಾಗ್‌ಗಳಲ್ಲಿ ಕಣ್ಣು ಹಾಯಿಸಲು ಹೋಗುತ್ತದೆ. ಇವು ಯಾವುವೂ ಕಂಪನಿಯ ಬೆಳವಣಿಗೆಯ ವರದಿಯಲ್ಲಿ ಕಾಣುವುದಿಲ್ಲ. ಆದರೆ ಮಾಡದೆ ಬಿಟ್ಟರೆ ಇಡೀ ವ್ಯವಸ್ಥೆ ಕುಸಿಯುತ್ತದೆ. ಎಐ ಉಪಕರಣದ ಕೈ ಚೆನ್ನಾಗಿ ಓಡುವುದು ಇಂಥ ಕಡೆಯೇ.

ಅದು ಕೆಲಸ ಮಾಡುವ ಬಗೆ ತಿಳಿದರೆ ಕಾರಣವೂ ತಿಳಿಯುತ್ತದೆ. ಅಪಾರ ಪ್ರಮಾಣದ ಬರಹ ಮತ್ತು ಕೋಡ್ ಓದಿಸಿ ತಯಾರಿಸಿದ ಭಾಷಾ ಮಾದರಿ ಈ ಉಪಕರಣಗಳ ಹೊಟ್ಟೆಯಲ್ಲಿದೆ. ಈವರೆಗಿನದನ್ನು ನೋಡಿ, ಮುಂದಿನ ತುಣುಕು ಯಾವುದಿರಬಹುದೆಂದು ಅದು ಅಂದಾಜಿಸುತ್ತಾ ಹೋಗುತ್ತದೆ. 2021ರ ಜೂನ್‌ನಲ್ಲಿ ಕೋಪೈಲಟ್ ಮೊದಲು ಕಂಡಾಗ ಅದು ಅರ್ಧ ಬರೆದ ಸಾಲನ್ನು ಪೂರ್ತಿ ಮಾಡಿಕೊಡುತ್ತಿತ್ತು. ಕರ್ಸರ್, ಕ್ಲಾಡ್ ಕೋಡ್‌ನಂಥ ಇತ್ತೀಚಿನ ಉಪಕರಣಗಳು ಇಡೀ ಪ್ರಾಜೆಕ್ಟಿನಲ್ಲಿ ಬೇಕಾದ ಕಡತಗಳನ್ನು ಹುಡುಕಿ ಓದುತ್ತವೆ, ತಿದ್ದುತ್ತವೆ, ಟೆಸ್ಟ್ ಓಡಿಸುತ್ತವೆ, ಎರರ್ ಬಂದರೆ ಅದನ್ನು ಓದಿ ಮತ್ತೆ ತಿದ್ದುತ್ತವೆ. ಜಗತ್ತಿನಲ್ಲಿ ಸಾವಿರಾರು ಸಲ ನಡೆದಿರುವ ಕೆಲಸ, ಉದಾಹರಣೆಗೆ ಜಾವಾ ಆವೃತ್ತಿ ಏರಿಸುವುದು, ಇವಕ್ಕೆ ಚೆನ್ನಾಗಿ ಒಗ್ಗುತ್ತದೆ. 2024ರ ಆಗಸ್ಟಿನಲ್ಲಿ ಅಮೆಜಾನ್ ಮುಖ್ಯಸ್ಥ ಆಂಡಿ ಜಾಸ್ಸಿ ಇದೇ ಕೆಲಸದ ಲೆಕ್ಕ ಕೊಟ್ಟಿದ್ದರು. ಒಂದು ಅಪ್ಲಿಕೇಶನ್ ಏರಿಸಲು ಸರಾಸರಿ 50 ಡೆವಲಪರ್ ದಿನ ಹಿಡಿಯುತ್ತಿದ್ದದ್ದು ಕೆಲವೇ ಗಂಟೆಗೆ ಇಳಿದು, ಒಟ್ಟು 4,500 ಡೆವಲಪರ್ ವರ್ಷಗಳ ದುಡಿಮೆ ಉಳಿಯಿತು ಎಂದರು. ತಾವೇ ಮಾರುವ ಸರಕಿನ ಬಗ್ಗೆ ಆಡಿದ ಮಾತಾದ್ದರಿಂದ ಒಂದಿಷ್ಟು ಕಳೆದೇ ಲೆಕ್ಕ ಹಿಡಿಯೋಣ. ಕಳೆದ ಮೇಲೂ ಉಳಿಯುವುದು ಸಣ್ಣದಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನೂ ಉಪಕರಣ ಮಾರುವವನಾಗುತ್ತೇನೆ. ಅಳತೆಗಳು ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿಲ್ಲ.

ಮೈಕ್ರೋಸಾಫ್ಟ್ ಮತ್ತು ಗಿಟ್‌ಹಬ್ ಸಂಶೋಧಕರು 95 ಪ್ರೋಗ್ರಾಮರುಗಳಿಗೆ ಒಂದು ಸಣ್ಣ ವೆಬ್ ಸರ್ವರ್ ಬರೆಯಲು ಹೇಳಿದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಕೋಪೈಲಟ್ ಪಡೆದವರು ಕೆಲಸ ಮುಗಿಸಲು ಶೇ 55.8ರಷ್ಟು ಕಡಿಮೆ ಹೊತ್ತು ತೆಗೆದುಕೊಂಡಿದ್ದರು. ಮರುವರ್ಷ ಮೈಕ್ರೋಸಾಫ್ಟ್, ಆಕ್ಸೆಂಚರ್ ಮತ್ತು ಇನ್ನೊಂದು ದೊಡ್ಡ ಕಂಪನಿಯ 4,867 ಡೆವಲಪರುಗಳನ್ನು ಅವರ ನಿತ್ಯದ ಕೆಲಸದಲ್ಲೇ ಗಮನಿಸಿದ ಅಧ್ಯಯನ, ಉಪಕರಣ ಸಿಕ್ಕವರಲ್ಲಿ ಮುಗಿದ ಕೆಲಸಗಳ ಸಂಖ್ಯೆ ಶೇ 26ರಷ್ಟು ಏರಿದ್ದನ್ನು ಕಂಡಿತು. ಆದರೆ 2025ರ ಜುಲೈನಲ್ಲಿ ಮೀಟರ್ ಎಂಬ ಸಂಶೋಧನಾ ಸಂಸ್ಥೆ ಪ್ರಕಟಿಸಿದ ಫಲಿತಾಂಶ ಎಲ್ಲರನ್ನೂ ನಿಲ್ಲಿಸಿ ಯೋಚಿಸುವಂತೆ ಮಾಡಿತು. ಓಪನ್ ಸೋರ್ಸ್ ಲೋಕದ 16 ಅನುಭವಿಗಳು, 246 ಕೆಲಸಗಳು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಹೊತ್ತು ಹಿಡಿದಿತ್ತು. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ಕೆಲಸ ಮುಗಿದ ಮೇಲೂ ಅವರು ತಮಗೆ ಶೇ 20ರಷ್ಟು ಸಮಯ ಉಳಿಯಿತೆಂದೇ ನಂಬಿದ್ದರು.

ಈ ಮೂರೂ ನಿಜವಾಗಿರಲು ಸಾಧ್ಯ. ಮೊದಲಿನದು ಖಾಲಿ ಹಾಳೆಯ ಮೇಲೆ ಬರೆಯುವ ಕೆಲಸ. ಕೊನೆಯದು ತಾವೇ ವರ್ಷಗಟ್ಟಲೆ ಕಟ್ಟಿ, ಮೂಲೆ ಮೂಲೆ ಬಲ್ಲ ಮನೆಯಲ್ಲಿ ಮಾಡುವ ರಿಪೇರಿ. ಅಂಥ ಮನೆಯೊಡೆಯನಿಗೆ ಯಾವ ಗೋಡೆಯಲ್ಲಿ ವೈರು ಹಾದಿದೆ ಎಂಬುದು ಬಾಯಿಪಾಠ. ಹೊಸಬನಿಗೆ ವಿವರಿಸಿ, ಅವನು ಮಾಡಿದ್ದನ್ನು ಮತ್ತೆ ನೋಡಿ ತಿದ್ದುವಷ್ಟರಲ್ಲಿ ತಾನೇ ಮಾಡಿ ಮುಗಿಸಿರುತ್ತಾನೆ. ಹಾಸನದ ಹುಡುಗ ಇದ್ದದ್ದು ಇದಕ್ಕೆ ತದ್ವಿರುದ್ಧ ಸ್ಥಿತಿಯಲ್ಲಿ. ಮನೆ ಹಳೆಯದು, ಕಟ್ಟಿದವರು ಊರು ಬಿಟ್ಟಿದ್ದಾರೆ, ನಕ್ಷೆ ಇಲ್ಲ. ನಮ್ಮ ಊರಿನ ಎಷ್ಟೋ ಸಾಫ್ಟ್‌ವೇರ್ ಕೆಲಸದ ಸ್ಥಿತಿಯೂ ಇದೇ: ಬೇರೆ ಯಾರೋ, ಬೇರೆ ಯಾವುದೋ ದೇಶದಲ್ಲಿ, ಬೇರೆ ಕಾಲದಲ್ಲಿ ಬರೆದ ಕೋಡನ್ನು ಕಾಪಾಡುವುದು. ಹಾಗಾಗಿ ಇಲ್ಲಿ ಈ ಉಪಕರಣಗಳ ಉಪಯೋಗ ಹೆಚ್ಚು ಎಂದು ನಾನು ನಂಬುತ್ತೇನೆ. ಆದರೆ ನಂಬಿಕೆಯನ್ನೇ ಅಳತೆ ಎಂದುಕೊಳ್ಳಬಾರದು ಎಂಬ ಪಾಠವನ್ನು ಆ 16 ಮಂದಿ ಕಲಿಸಿಕೊಟ್ಟಿದ್ದಾರೆ. ಕೊಂಡ ಕಂಪನಿ ಅಳೆಯಲೂ ಬೇಕು. ಎಷ್ಟು ಸಾಲು ಕೋಡ್ ಬಂತು ಎಂಬುದನ್ನು ಅಳೆದರೆ ಪ್ರಯೋಜನವಿಲ್ಲ. ಬಗ್ ವರದಿಯಾದ ದಿನದಿಂದ ಸರಿಹೋದ ದಿನದವರೆಗೆ ಎಷ್ಟು ಹಿಡಿಯಿತು, ರಿಲೀಸ್ ಆದ ಮೇಲೆ ಎಷ್ಟು ಸಲ ಹಿಂದೆ ತೆಗೆಯಬೇಕಾಯಿತು ಎಂಬುದನ್ನು ಅಳೆಯಬೇಕು.

ನನ್ನ ಕೋರಿಕೆಗೆ ಕೊನೆಗೂ ಒಪ್ಪಿಗೆ ಸಿಕ್ಕಿತು. ಒಟ್ಟು ಹತ್ತು ಲೈಸೆನ್ಸ್. ಮೊದಲ ವಾರದಲ್ಲೇ ನಡೆದದ್ದೊಂದನ್ನು ಹೇಳಬೇಕು. ಬಿಲ್ಲಿನ ಮೊತ್ತವನ್ನು ಪೈಸೆಗೆ ಸರಿಹೊಂದಿಸುವ ಹಳೆಯ ಸಾಲುಗಳು ಹೊಸ ಜಾವಾದಲ್ಲಿ ಬಳಕೆ ತಪ್ಪಿದ ಶೈಲಿಯವು. ಉಪಕರಣ ಅವನ್ನು ಕ್ಷಣದಲ್ಲಿ ಹೊಸ ಶೈಲಿಗೆ ತಂದಿತು. ನೋಡಲು ಅಚ್ಚುಕಟ್ಟು. ಆದರೆ ತರುವಾಗ ಒಂದು ಕಡೆ ರೌಂಡಿಂಗ್ ನಿಯಮವನ್ನೇ ಬದಲಿಸಿಬಿಟ್ಟಿತ್ತು. ಹಳೆಯ ನಿಯಮದಲ್ಲಿ 2.345 ರೂಪಾಯಿ 2.35 ಆಗುತ್ತಿತ್ತು, ಹೊಸದರಲ್ಲಿ 2.34. ವ್ಯತ್ಯಾಸ ಒಂದೇ ಪೈಸೆ. ಆದರೆ ಬಿಲ್ಲುಗಳು ಲಕ್ಷಗಟ್ಟಲೆ. ಹುಡುಗ ಅದನ್ನು ಹಿಡಿದ. ಹೇಗೆ ಹಿಡಿದನೆಂದರೆ, ಉಪಕರಣದಿಂದ ಉಳಿದ ಎರಡು ದಿನಗಳಲ್ಲಿ ಅವನು ಹಳೆಯ ವ್ಯವಸ್ಥೆಯ ನಿಜವಾದ ಬಿಲ್ಲುಗಳನ್ನು ಆಧಾರವಾಗಿಟ್ಟುಕೊಂಡು ಟೆಸ್ಟ್‌ಗಳನ್ನು ಬರೆದಿದ್ದ. ಅವು ಹದಿನಾಲ್ಕು ವರ್ಷಗಳಿಂದ ಯಾರೂ ಬರೆಯದೆ ಬಿಟ್ಟಿದ್ದ ಟೆಸ್ಟ್‌ಗಳು.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದರಲ್ಲೇ ಇದೆ. ಲೈಸೆನ್ಸಿಗೆ ಕೊಟ್ಟ ಹಣ ಹೂಡಿಕೆಯ ಅರ್ಧ. ಇನ್ನರ್ಧ, ಉಳಿದ ಹೊತ್ತನ್ನು ಇಂಜಿನಿಯರಿಗೇ ಬಿಟ್ಟುಕೊಡುವುದು. ಆ ಎರಡು ದಿನಗಳಿಗೆ ನಾನು ಬೇರೆ ಕೆಲಸ ತುರುಕಿದ್ದರೆ ಟೆಸ್ಟ್ ಇರುತ್ತಿರಲಿಲ್ಲ, ತಪ್ಪು ಗ್ರಾಹಕರ ಬಿಲ್ಲಿನಲ್ಲೇ ಕಾಣುತ್ತಿತ್ತು. ಟೆಸ್ಟ್ ಇದ್ದರೆ ಉಪಕರಣಕ್ಕೂ ಅನುಕೂಲ. ಟೆಸ್ಟ್ ಓಡಿಸಿ ನೋಡಿ, ತಾನು ಮಾಡಿದ ತಪ್ಪನ್ನು ಅದು ತಾನೇ ತಿದ್ದಿಕೊಳ್ಳಬಲ್ಲದು. ಟೆಸ್ಟ್ ಇಲ್ಲದ ಕಡೆ ಅದು ಆತ್ಮವಿಶ್ವಾಸದಿಂದ ತಪ್ಪು ದಾರಿ ಹಿಡಿಯುತ್ತದೆ. ಗೂಗಲ್‌ನ ಡೋರಾ ಸಂಶೋಧನಾ ತಂಡದ 2024ರ ವರದಿಯಲ್ಲೂ ಇದರ ನೆರಳಿದೆ. ಎಐ ಬಳಕೆ ಶೇ 25ರಷ್ಟು ಏರಿದಲ್ಲಿ ಬಿಡುಗಡೆಗಳ ಸ್ಥಿರತೆ ಅಂದಾಜು ಶೇ 7.2ರಷ್ಟು ಇಳಿದಿತ್ತು. ಕೋಡ್ ಸುಲಭವಾಗಿ ಹುಟ್ಟತೊಡಗಿದಾಗ ಒಂದೊಂದು ಬದಲಾವಣೆಯ ಗಾತ್ರವೂ ಹಿಗ್ಗುತ್ತದೆ, ರಿವ್ಯೂ ಮಾಡುವವರ ಕಣ್ಣು ಸೋಲುತ್ತದೆ ಎಂಬುದು ಆ ವರದಿ ಬರೆದವರ ಊಹೆ. ಭದ್ರತೆಯ ಮಾತೂ ಹಾಗೆಯೇ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಅಪಾಯ ಸಂಭವವಿರುವ ಸಂದರ್ಭಗಳನ್ನೇ ಆರಿಸಿ ಕೋಪೈಲಟ್‌ನಿಂದ 1,689 ಪ್ರೋಗ್ರಾಂ ಬರೆಸಿದಾಗ ಸುಮಾರು ಶೇ 40ರಲ್ಲಿ ದೌರ್ಬಲ್ಯ ಕಂಡಿತ್ತು. ಮಾದರಿಗಳು ಆಮೇಲೆ ಸುಧಾರಿಸಿವೆ, ಆದರೆ ಓದಿ ನೋಡುವ ಹೊಣೆ ಕರಗಿಲ್ಲ.

ಉಳಿದ ಹೊತ್ತು ಯಾರದು ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಇನ್ನಷ್ಟು ಗಂಟಾಗುತ್ತದೆ. ನಮ್ಮ ಐಟಿ ಸೇವಾ ಉದ್ಯಮ ಬೆಳೆದದ್ದೇ ತಲೆ ಎಣಿಸಿ, ಗಂಟೆ ಎಣಿಸಿ ಬಿಲ್ ಮಾಡುವ ಪದ್ಧತಿಯಲ್ಲಿ. 2000ನೇ ಇಸವಿ ಹತ್ತಿರವಾದಾಗ ಎರಡಂಕಿಯಲ್ಲಿ ಬರೆದಿದ್ದ ವರ್ಷಗಳನ್ನು ಹುಡುಕಿ ತಿದ್ದಲು ಅಮೆರಿಕ, ಯುರೋಪಿನ ಕಂಪನಿಗಳಿಗೆ ಸಾವಿರಾರು ಕೈಗಳು ಬೇಕಾಗಿದ್ದವು. ಆ ಕೈಗಳನ್ನು ನಾವು ಕೊಟ್ಟೆವು. ಎಷ್ಟು ಜನ, ಎಷ್ಟು ಗಂಟೆ ಎಂಬುದೇ ಆದಾಯದ ಸೂತ್ರವಾಯಿತು. ಈ ಸೂತ್ರದೊಳಗೆ ನಿಂತು ನೋಡಿದರೆ ನಲವತ್ತು ಗಂಟೆಯ ಕೆಲಸವನ್ನು ಮೂವತ್ತಕ್ಕೆ ಇಳಿಸುವ ಉಪಕರಣ ನಷ್ಟದ ಬಾಬತ್ತು. ದುಡ್ಡು ಕೊಟ್ಟು ಕೊಂಡು, ಬಿಲ್ಲನ್ನೂ ಕಡಿಮೆ ಮಾಡಿಕೊಂಡಂತೆ. ಅನೇಕ ಕಡೆ ಮಂಜೂರಾತಿ ಸಿಗದಿರುವುದಕ್ಕೆ ನಿಜವಾದ ಕಾರಣ ಇದೇ ಎಂಬುದು ನನ್ನ ಅನುಭವ.

ಆದರೆ ಕ್ಲೈಂಟ್‌ಗಳ ಕೈಯಲ್ಲೂ ಇದೇ ಉಪಕರಣಗಳಿವೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಸಾಕು ಎಂಬುದು ಅವರಿಗೂ ಗೊತ್ತಾಗುತ್ತಿದೆ. ಮುಂದಿನ ಒಪ್ಪಂದದ ಮೇಜಿನಲ್ಲಿ ಅವರು ರಿಯಾಯಿತಿ ಕೇಳುವುದು ಖಚಿತ. ಆಗ ಉಪಕರಣ ಬಳಸಿ ಪಳಗಿದ ಕಂಪನಿ ಗಂಟೆಯ ಮಾತು ಬಿಟ್ಟು ಫಲದ ಮಾತಾಡಬಲ್ಲದು: ಇಷ್ಟು ವ್ಯವಸ್ಥೆಗಳನ್ನು ಏರಿಸಿಕೊಡುತ್ತೇವೆ, ಇಷ್ಟು ದಿನದಲ್ಲಿ, ಇಷ್ಟು ಬೆಲೆಗೆ, ಇಂಥ ಟೆಸ್ಟ್‌ಗಳ ಖಾತರಿಯೊಂದಿಗೆ. ಪಳಗದ ಕಂಪನಿ ರಿಯಾಯಿತಿಯನ್ನಷ್ಟೇ ಕೊಡಬಲ್ಲದು, ಮತ್ತು ಆ ರಿಯಾಯಿತಿಯ ಭಾರ ಸಂಬಳ ಏರದ, ರಾತ್ರಿ ಮನೆಗೆ ಹೋಗದ ಇಂಜಿನಿಯರುಗಳ ಬೆನ್ನ ಮೇಲೆ ಬೀಳುತ್ತದೆ.

ಇಲ್ಲೇ ಇನ್ನೊಂದು ತಪ್ಪು ದಾರಿಯೂ ಕವಲೊಡೆಯುತ್ತದೆ. ಉಪಕರಣ ಬಂತಲ್ಲ, ಇನ್ನು ಫ್ರೆಷರ್‌ಗಳು ಯಾಕೆ ಎಂಬ ಯೋಚನೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿತಗೊಳಿಸುವುದಾಗಿ ಹೇಳಿದಾಗ, ಇದು ಎಐ ತಂದ ಉಳಿತಾಯದಿಂದಲ್ಲ, ಕೌಶಲ ಹೊಂದದ ಕಾರಣದಿಂದ ಎಂದು ಕಂಪನಿ ವಿವರಿಸಿತ್ತು. ಹಾಗಿದ್ದರೂ ಊರೂರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳ ಮನೆಗಳಲ್ಲಿ ಆ ಸುದ್ದಿ ಎಬ್ಬಿಸಿದ ಭಯವನ್ನು ನಾನು ಕಂಡಿದ್ದೇನೆ. ಫ್ರೆಷರ್‌ಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿದ ಕಂಪನಿಗೆ ಹತ್ತು ವರ್ಷದ ಮೇಲೆ ಸೀನಿಯರ್‌ಗಳು ಎಲ್ಲಿಂದ ಬರಬೇಕು? 4,867 ಮಂದಿಯ ಆ ಅಧ್ಯಯನದಲ್ಲಿ ಹೆಚ್ಚು ಲಾಭ ಪಡೆದವರು ಅನುಭವ ಕಡಿಮೆ ಇದ್ದವರೇ. ಅಂದರೆ ಹೊಸಬರಿಗೆ ಕೊಟ್ಟ ಉಪಕರಣ ಬೇಗ ಫಲ ಕೊಡುತ್ತದೆ.

ಇದರಲ್ಲಿ ನಮ್ಮವರಿಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಜನ ಮೀಟಿಂಗಿನಲ್ಲಿ ಪ್ರಶ್ನೆ ಕೇಳಲು ಹಿಂಜರಿಯುತ್ತಾರೆ. ವಿಷಯ ಗೊತ್ತಿಲ್ಲವೆಂದಲ್ಲ, ಇಂಗ್ಲಿಷಿನ ವಾಕ್ಯ ಅರ್ಧಕ್ಕೆ ನಿಂತರೆ ಎಂಬ ಅಳುಕು. ಹಾಸನದ ಹುಡುಗ ಆ ಹಳೆಯ ಕೋಡನ್ನು ಕುರಿತು ಉಪಕರಣವನ್ನು ಕೇಳುತ್ತಿದ್ದದ್ದು ಕನ್ನಡದಲ್ಲೇ, ನಾವು ಮಾತಾಡುವ ಹಾಗೆ ಇಂಗ್ಲಿಷ್ ಪದ ಬೆರೆಸಿ. ಅದೂ ಕನ್ನಡದಲ್ಲೇ ವಿವರಿಸುತ್ತಿತ್ತು. ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದರೂ ಮುಖ ಸಿಂಡರಿಸದ ಮೇಷ್ಟ್ರು ಅವನಿಗೆ ಸಿಕ್ಕಿದ್ದರು. ಎರಡು ತಿಂಗಳಲ್ಲಿ ಅವನು ಮೀಟಿಂಗಿನಲ್ಲಿ ಬಾಯಿ ಬಿಡತೊಡಗಿದ. ಈ ಲಾಭವನ್ನು ಯಾವ ಅಂಕಣದಲ್ಲಿ ತುಂಬಬೇಕೋ ನನಗೆ ತಿಳಿಯದು, ಆದರೆ ಅದು ಲಾಭವೇ.

ಕಲಿಕೆಗೆ ಕುತ್ತು ಬರಬಾರದೆಂದು ನಮ್ಮ ತಂಡದಲ್ಲಿ ಒಂದು ನಿಯಮ ಮಾಡಿಕೊಂಡೆವು. ಕೋಡನ್ನು ಯಾರು ಬರೆದರೂ ಸರಿ, ಒಪ್ಪಿಸಿದವರು ರಿವ್ಯೂನಲ್ಲಿ ಅದರ ಪ್ರತಿ ಸಾಲನ್ನೂ ತಮ್ಮ ಮಾತಿನಲ್ಲಿ ವಿವರಿಸಬೇಕು. ವಿವರಿಸಲಾಗದ ಸಾಲು ಒಳಗೆ ಬರುವಂತಿಲ್ಲ. ವಾರಕ್ಕೆ ಒಂದು ಗಂಟೆ ಎಲ್ಲರೂ ಕೂತು, ಉಪಕರಣ ಎಲ್ಲಿ ನೆರವಾಯಿತು, ಎಲ್ಲಿ ದಾರಿ ತಪ್ಪಿಸಿತು ಎಂದು ತೋರಿಸಬೇಕು. ಆ ಗಂಟೆಗೂ ಕಂಪನಿ ಸಂಬಳ ಕೊಡುತ್ತದೆ. ಅದೂ ಹೂಡಿಕೆಯೇ.

ತಂಡವನ್ನು ಅರ್ಧಕ್ಕೆ ಇಳಿಸಬಹುದೆಂದು ಉಪಕರಣ ಕೊಳ್ಳುವವರಿಗೆ ಫ್ರೆಡ್ ಬ್ರೂಕ್ಸ್ ಮಾತು ನೆನಪಿಸಬೇಕು. ಐಬಿಎಂನ ಸಿಸ್ಟಂ/360 ಸಾಫ್ಟ್‌ವೇರ್ ಕಟ್ಟುವ ಕೆಲಸ ನಡೆಸಿದ ಅವರು 1986ರಲ್ಲಿ ಈ ಕೆಲಸದ ಕಷ್ಟವನ್ನು ಎರಡಾಗಿ ವಿಂಗಡಿಸಿದರು. ಒಂದು, ಉಪಕರಣಗಳ ಕೊರತೆಯಿಂದ ಮೇಲೆ ಅಂಟಿಕೊಂಡ ಕಷ್ಟ. ಇನ್ನೊಂದು, ಏನು ಕಟ್ಟಬೇಕು, ಹೇಗಿರಬೇಕು ಎಂದು ಕಂಡುಕೊಳ್ಳುವ ಒಳಗಿನ ಕಷ್ಟ. ಒಳ್ಳೆಯ ಉಪಕರಣ ಮೊದಲನೆಯದನ್ನು ಕಳಚುತ್ತದೆ. ಒಂದು ಪೈಸೆಯ ವ್ಯತ್ಯಾಸ ಯಾಕೆ ಮುಖ್ಯ, ಗ್ರಾಹಕನಿಗೆ ಅದು ಹೇಗೆ ಕಾಣುತ್ತದೆ ಎಂಬುದು ಎರಡನೆಯದು. ಅದಕ್ಕೆ ಹುಡುಗನ ತಲೆಯೇ ಬೇಕಾಯಿತು.

ನನ್ನ ಅಜ್ಜನ ಊರಿನಲ್ಲಿ ಕುಲುಮೆಯಿತ್ತು. ಮುಂಗಾರಿಗೆ ಮೊದಲು ರೈತರು ನೇಗಿಲಿನ ಕುಳ ಹಣಿಸಿಕೊಂಡು ಹೋಗುತ್ತಿದ್ದರು. ಕಮ್ಮಾರನಿಗೆ ಒಂದೊಂದು ಕುಳಕ್ಕೆ ಇಷ್ಟು ಎಂದು ಕಾಸು ಕೊಡುತ್ತಿರಲಿಲ್ಲ. ಅವನು ಊರಿನ ಆಯಗಾರ. ಸುಗ್ಗಿಯಲ್ಲಿ ಕಣದ ರಾಶಿ ಮನೆಗೆ ಹೋಗುವ ಮೊದಲೇ ಅವನ ಪಾಲಿನ ಆಯವನ್ನು ಅಳೆದು ಕೊಡುತ್ತಿದ್ದರು. ಈ ಸಲದ ಹಣಿತದಿಂದ ಎಷ್ಟು ಸೇರು ಹೆಚ್ಚು ಬೆಳೆಯಿತು ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಮೊಂಡು ಕುಳದಿಂದ ಉತ್ತರೆ ಎತ್ತಿನ ಹೆಗಲು ಹುಣ್ಣಾಗುತ್ತದೆ, ಆಳು ಸೋಲುತ್ತಾನೆ, ಹದ ತಪ್ಪುತ್ತದೆ ಎಂಬುದು ಅವರಿಗೆ ಕಂಡ ಸತ್ಯ. ಅದಕ್ಕೇ ಕಮ್ಮಾರನ ಪಾಲು ಖರ್ಚಿನ ಪಟ್ಟಿಯಲ್ಲಿ ಕೊನೆಗೆ ಬರುತ್ತಿರಲಿಲ್ಲ, ರಾಶಿಯಲ್ಲಿ ಮೊದಲು ಬರುತ್ತಿತ್ತು.

ಆ ರಾತ್ರಿ ಹುಡುಗನ ಕೈಯಲ್ಲಿದ್ದ ಮೊಬೈಲಿನ ಗಾಜು ಒಡೆದಿತ್ತು. ಆ ಒಡಕು ಗಾಜಿನ ಮೇಲೆ ಅವನು ಕಂಪನಿಯ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಿದ್ದ. ಲೈಸೆನ್ಸ್ ಮಂಜೂರು ಮಾಡುವ ಕುರ್ಚಿಯಲ್ಲಿ ಕೂತಿರುವವರು ಸಹಿ ಹಾಕುವ ಮೊದಲು ಅವನನ್ನೊಮ್ಮೆ ಕಣ್ಣ ಮುಂದೆ ತಂದುಕೊಳ್ಳಲಿ. ಕುಳ ಹಣಿಸಿ ಕೊಡಿ. ಹಣಿಸಿ ಕೊಟ್ಟಿದ್ದೇವಲ್ಲ ಎಂದು ಎರಡು ಪಟ್ಟು ಹೊಲ ಹಂಚಬೇಡಿ. ಆಳವಾಗಿ ಉಳಲು ಹೊತ್ತು ಕೊಡಿ.